ಜೈಸಲ್ಮೇರ್‌ನ ಹಳದಿ ಕಲ್ಲು: ಮರುಭೂಮಿಯಲ್ಲಿ ಸಮುದ್ರ ಹುಡುಕಿದ ಅನುಭವ

ಜೈಸಲ್ಮೇರ್ ಕೋಟೆಯ ಬಗ್ಗೆ ಬರೆಯುವವರಲ್ಲಿ ಅನೇಕರು ಅದನ್ನು ಹಳದಿ ಮರಳುಗಲ್ಲಿನ ಕೋಟೆ ಎನ್ನುತ್ತಾರೆ. ಸುತ್ತ ಮರಳು, ಕಲ್ಲಿನ ಬಣ್ಣವೂ ಮರಳಿನದೇ, ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಊರಾಚೆ ಬಿದ್ದಿರುವ ಅದೇ ಕಲ್ಲಿನ ಚೂರೊಂದರ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಚುರ್ರೆಂದು ನೊರೆ ಏಳುತ್ತದೆ. ಅದು ಸುಣ್ಣದಕಲ್ಲು. 1156ರಲ್ಲಿ ರಾವಲ್ ಜೈಸಲ್ ಶುರುಮಾಡಿದ ಕೋಟೆಗೆ ಮುಖ್ಯವಾಗಿ ಬಳಕೆಯಾದದ್ದು ಈ ಕಲ್ಲೇ. ಅದು ಕೂಡಿಕೊಂಡದ್ದು ಸುಮಾರು 16–17 ಕೋಟಿ ವರ್ಷಗಳ ಹಿಂದೆ, ಮಧ್ಯ ಜುರಾಸಿಕ್ ಕಾಲದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ. ಆಗ ಭಾರತ ಗೊಂಡ್ವಾನಾ ಎಂಬ ಹಳೆಯ ಮಹಾಖಂಡದ ಭಾಗವಾಗಿ ಸಮಭಾಜಕದ ದಕ್ಷಿಣಕ್ಕಿತ್ತು.

ನಾನು ಕಲಬುರಗಿ ಕಡೆಯವನು, ಸುಣ್ಣದಕಲ್ಲು ನನಗೆ ಹೊಸದಲ್ಲ. ನಮ್ಮ ಕಡೆ ಮನೆ ಮನೆಯ ನೆಲಕ್ಕೂ ಶಹಾಬಾದ್ ಫರಸಿ ಹಾಸಿರುತ್ತದೆ. ಆ ಭೀಮಾ ಕಣಿವೆಯ ಕಲ್ಲು ಭೂಮಿಯ ಮೇಲೆ ಚಿಪ್ಪು ಕಟ್ಟುವ ಪ್ರಾಣಿಗಳು ಬರುವುದಕ್ಕೂ ಮೊದಲಿನದು. ನುಣ್ಣಗೆ, ಒಂದೇ ಸಮನೆ ಇರುತ್ತದೆ. ಅದರಲ್ಲಿ ಶಂಖ, ಕಪ್ಪೆಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಸಂಶೋಧನೆಗೆಂದು ಥಾರ್‌ಗೆ ಹೋದಾಗ ಕಣ್ಣನ್ನು ಬೇರೆ ರೀತಿ ಪಳಗಿಸಿಕೊಳ್ಳಬೇಕಾಯಿತು. ಅಲ್ಲಿನ ಕಲ್ಲಿನಲ್ಲಿ ಚಿಪ್ಪು, ಹವಳ, ಸಮುದ್ರ ಲಿಲ್ಲಿ ಎಂಬ ಹೂವಿನಂತೆ ಕಾಣುವ ಪ್ರಾಣಿಯ ತುಂಡು, ಸುರುಳಿ ಚಿಪ್ಪಿನ ಅಳಿದುಹೋದ ಜೀವಿ ಅಮೊನೈಟ್ ಎಲ್ಲವೂ ತುಂಬಿವೆ.

ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಡುವ ಪಾಠ ಒಂದಿದೆ: ಸುತ್ತಿಗೆಯಿಂದ ಒಡೆದು ಹೊಸ ಮೈ ನೋಡು. ಗ್ರಾನೈಟಿಗೆ ಸರಿ. ಮರುಭೂಮಿಯ ಸುಣ್ಣದಕಲ್ಲಿಗೆ ನಾನು ಮೊದಲು ಸುತ್ತಿಗೆ ಎತ್ತುವುದಿಲ್ಲ. ಗಾಳಿ, ಮರಳು, ಅಪರೂಪದ ಮಳೆ ಸೇರಿ ಕಲ್ಲಿನ ಮೆದು ಭಾಗವನ್ನು ಸವೆಸಿರುತ್ತವೆ, ಚಿಪ್ಪುಗಳು ಮಾತ್ರ ಉಬ್ಬಿ ನಿಂತಿರುತ್ತವೆ. ಒಡೆದ ಮೈಯಲ್ಲಿ ಬರೀ ಹಳದಿ ಕಾಣುವ ಕಡೆ, ಸವೆದ ಮೈಯಲ್ಲಿ ಇಡೀ ಜೀವರಾಶಿ ಕಾಣುತ್ತದೆ. ಸೂರ್ಯ ಇಳಿಬಿಸಿಲಿನಲ್ಲಿರುವಾಗ ನೋಡಿದರೆ ಅಲೆಗಳು ಓರೆಯಾಗಿ ಹಾಸಿದ ಪದರಗಳೂ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಆ ಕಲ್ಲು ಏನನ್ನೂ ಹೇಳುವುದಿಲ್ಲ, ಕಣ್ಣು ಕುಕ್ಕುತ್ತದೆ ಅಷ್ಟೆ. ಹೀಗಾಗಿ ನಾನು ಬೆಳಿಗ್ಗೆ ಮತ್ತು ಸಂಜೆ ಪದರಗಳ ಲೆಕ್ಕ ಬರೆದು, ಮಧ್ಯಾಹ್ನ ನೆರಳಿನಲ್ಲಿ ಕೂತು ಚೂರುಗಳನ್ನು ನೋಡುತ್ತಿದ್ದೆ. ಒಂದು ಬ್ರಷ್, ಚೂರು ಒದ್ದೆಮಾಡಲು ಸ್ವಲ್ಪ ನೀರು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಇಷ್ಟು ಸಾಕು.

ಆಮ್ಲದ ವಿಚಾರದಲ್ಲಿ ಎಚ್ಚರ ಬೇಕು. ತಯಾರಿಸುವಾಗ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಕಟ್ಟಡಗಳ ಮೇಲಂತೂ ಒಂದು ಹನಿಯೂ ಬೀಳಕೂಡದು. ನೊರೆ ಬಂದ ಕೂಡಲೇ ‘ಸುಣ್ಣದಕಲ್ಲು’ ಎಂದು ಬರೆದು ಮುಂದೆ ಹೋಗುವುದೂ ಸರಿಯಲ್ಲ. ಇಲ್ಲಿ ಸುಣ್ಣವೇ ಅಂಟಾಗಿ ಹಿಡಿದಿಟ್ಟ ಮರಳುಗಲ್ಲಿನ ಪದರಗಳೂ ನಡುನಡುವೆ ಬರುತ್ತವೆ, ಅವೂ ನೊರೆಯೇಳುತ್ತವೆ. ನೊರೆ ಇಳಿದ ಮೇಲೆ ಆ ಜಾಗವನ್ನು ಲೆನ್ಸಿನಲ್ಲಿ ನೋಡಿ: ಮರಳಿನ ಕಾಳುಗಳು ಉಳಿದಿದ್ದರೆ ಕಥೆ ಬೇರೆ. ಇನ್ನೊಂದು ಮೋಸ ಕಂಕರದ್ದು. ಒಣ ಹವೆಯಲ್ಲಿ ಮಣ್ಣಿನೊಳಗಿನ ನೀರು ಆವಿಯಾಗುತ್ತಾ ಸುಣ್ಣವನ್ನು ಬಿಟ್ಟು ಹೋಗಿ, ಬಿಳಿ ಗಂಟುಗಂಟಾದ ಗಟ್ಟಿ ಪೊರೆಯಾಗುತ್ತದೆ. ಅದಕ್ಕೂ ಜುರಾಸಿಕ್ ಸಮುದ್ರಕ್ಕೂ ಸಂಬಂಧವಿಲ್ಲ. ಪದರದ ಉದ್ದಕ್ಕೂ ನಡೆದು ನೋಡಿದರೆ ಗೊತ್ತಾಗುತ್ತದೆ: ಕಂಕರ ಇಂದಿನ ನೆಲದ ಏರಿಳಿತವನ್ನೇ ಹಿಂಬಾಲಿಸುತ್ತದೆ, ಹಳೆಯ ಪದರ ತನ್ನ ಓರೆಯನ್ನು ಬಿಡುವುದಿಲ್ಲ.

ಆ ಓರೆಯೇ ಈ ಪ್ರದೇಶದ ದೊಡ್ಡ ಅನುಕೂಲ. ಪದರಗಳು ಕೆಲವೇ ಡಿಗ್ರಿಯಷ್ಟು ವಾಯವ್ಯಕ್ಕೆ ಬಾಗಿವೆ. ಎಂದರೆ ಆಗ್ನೇಯದಿಂದ ವಾಯವ್ಯಕ್ಕೆ ಹೋದಂತೆ ಹಳೆಯ ಕಾಲದಿಂದ ಹೊಸ ಕಾಲಕ್ಕೆ ಬರುತ್ತೇವೆ. ಬಾರ್ಮೇರ್ ರಸ್ತೆಯಲ್ಲಿ ಅಕಲ್‌ನ ಕಲ್ಲಾದ ಮರಗಳಿವೆ. ಅವು ಲಾಠಿ ಸ್ತರ ಎಂದು ಕರೆಯುವ ಪದರಗಳ ಗುಂಪಿನವು, ಸಮುದ್ರ ಬರುವ ಮೊದಲು ನದಿಗಳು ಹಾಸಿದ ಮರಳಿನ ಕಾಲದವು. ಅದರ ಮೇಲಿನದು ಜೈಸಲ್ಮೇರ್ ಸ್ತರ. ಇನ್ನೂ ಮುಂದೆ ಹೋದರೆ ಜುರಾಸಿಕ್ ನಂತರದ ಕ್ರಿಟೇಷಿಯಸ್ ಕಾಲದ ಹಾಬೂರ್ ಸ್ತರ, ಆಮೇಲೆ ಅದಕ್ಕೂ ಹೊಸದಾದ ಈಯೋಸಿನ್ ಕಾಲದ ಸುಣ್ಣದಕಲ್ಲು. ಸಮುದ್ರ ಬಂದ ಮೇಲೂ ದಡ ದೂರವಿರಲಿಲ್ಲ. 2023ರಲ್ಲಿ ಐಐಟಿ ರೂರ್ಕಿ ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ (ಜಿಎಸ್‌ಐ) ವಿಜ್ಞಾನಿಗಳು ಥಾರೋಸಾರಸ್ ಎಂದು ಹೆಸರಿಟ್ಟ, 16.7 ಕೋಟಿ ವರ್ಷ ಹಳೆಯ ಸಸ್ಯಾಹಾರಿ ಡೈನೋಸಾರ್ ಸಿಕ್ಕಿದ್ದು ಇದೇ ಜೈಸಲ್ಮೇರ್ ಸ್ತರದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಲ್ಧರಾ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಊರು, ದೆವ್ವದ ಕಥೆ ಕೇಳಲು ಜನ ಬರುತ್ತಾರೆ. ಅಲ್ಲಿನ ಪದರಗಳಲ್ಲಿ ರಾಗಿ ಕಾಳಿನಂಥ ದುಂಡನೆಯ ಹಳದಿ ಕಣಗಳು ಒತ್ತೊತ್ತಾಗಿವೆ, ಹೆಚ್ಚಿನವು ರಾಗಿಗಿಂತಲೂ ಸಣ್ಣವು. ಇವು ಊಯಿಡ್‌ಗಳು. ಮರಳಿನ ಕಣವೋ ಚಿಪ್ಪಿನ ಚೂರೋ ತಳದಲ್ಲಿ ಉರುಳುತ್ತಾ, ಸುತ್ತ ಸುಣ್ಣದ ತೆಳು ಪೊರೆಗಳನ್ನು ಸುತ್ತಿಕೊಳ್ಳುತ್ತದೆ. ಬೆಚ್ಚಗಿನ, ಅಲೆ ಹೊಯ್ದಾಡುವ, ಆಳವಿಲ್ಲದ ನೀರು ಬೇಕು. ಇಂದಿಗೂ ಬಹಾಮಾಸ್ ಮತ್ತು ಅಬುಧಾಬಿ ತೀರದಲ್ಲಿ ಇದು ನಡೆಯುತ್ತಿದೆ. ಕುಲ್ಧರಾದ ಊಯಿಡ್‌ಗಳಲ್ಲಿ ಕಬ್ಬಿಣವೂ ಸೇರಿದೆ, ಆ ಚಿನ್ನದ ಹೊಳಪು ಅದರದ್ದು. ಇದೇ ರೀತಿಯ ಚಿನ್ನದ ಊಲೈಟ್, ಅಂದರೆ ಊಯಿಡ್‌ಗಳಿಂದಾದ ಕಲ್ಲು, ಗುಜರಾತಿನ ಕಛ್‌ನಲ್ಲೂ ಇದೆ.

ಊರಿಗೆ ಮರಳಿದ ಮೇಲಿನ ಕೆಲಸದಲ್ಲಿ ಕಥೆ ಕಡಿಮೆ, ತಾಳ್ಮೆ ಜಾಸ್ತಿ. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಷ್ಟು ತೆಳುವಾದ ಥಿನ್ ಸೆಕ್ಷನ್ ಮಾಡಿ, ಅಲಿಜರಿನ್ ರೆಡ್ ಬಣ್ಣ ಹಚ್ಚಿದರೆ ಸುಣ್ಣದಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ ಕೆಂಪಾಗುತ್ತದೆ, ಮೆಗ್ನೀಷಿಯಂ ಸೇರಿದ ಡಾಲೊಮೈಟ್ ಆಗುವುದಿಲ್ಲ. ಕಣಗಳ ನಡುವೆ ಸುಣ್ಣದ ಕೆಸರು ಇದೆಯೋ ಇಲ್ಲವೋ ಎಂಬುದನ್ನು ಹಿಡಿದು, ಭೂವಿಜ್ಞಾನಿ ಡನ್ಹಮ್ 1962ರಲ್ಲಿ ಕೊಟ್ಟ ವರ್ಗೀಕರಣದಂತೆ ಕಲ್ಲಿಗೆ ಹೆಸರಿಡುವುದು. ಕೆಸರು ಇಲ್ಲದಿದ್ದರೆ ಅಲೆ ಜೋರಿತ್ತು ಎಂದರ್ಥ.

ಪದರಗಳ ಈ ಲೆಕ್ಕ ಪಂಡಿತರಿಗೆ ಮಾತ್ರ ಬೇಕಾದದ್ದಲ್ಲ. ಕೋಟೆ ನಿಂತಿರುವ ತ್ರಿಕೂಟ ಗುಡ್ಡದಲ್ಲಿ ಗಟ್ಟಿ ಪದರಗಳ ನಡುವೆ ಮೆದು ಪದರಗಳೂ ಇವೆ. ಮರುಭೂಮಿಯ ಒಣ ಹವೆಯಲ್ಲಿ ಅವು ಶತಮಾನಗಳ ಕಾಲ ಸುಮ್ಮನಿದ್ದವು. ಒಳಗೆ ನಲ್ಲಿ, ಹೋಟೆಲು, ಶೌಚಾಲಯ ಬಂದು ನೀರು ಇಂಗತೊಡಗಿದ ಮೇಲೆ ಬುರುಜುಗಳು ಕುಸಿದಿವೆ.

ನೋಡಬೇಕೆನ್ನುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಪಶ್ಚಿಮಕ್ಕೆ ಗಡಿಯ ಹತ್ತಿರದ ಕೆಲವು ಜಾಗಗಳಿಗೆ ಅನುಮತಿ ಬೇಕು, ಮೊದಲೇ ವಿಚಾರಿಸಿ. ಅಕಲ್‌ನಿಂದ ಒಂದು ಚೂರನ್ನೂ ತರಬೇಡಿ, ಅದು ಸಂರಕ್ಷಿತ ಜಾಗ. ಅಂಗಡಿಗಳಲ್ಲಿ ಹಾಬೂರ್ ಕಲ್ಲಿನ ಬಟ್ಟಲು ತೋರಿಸಿ, ಇದರಲ್ಲಿ ಹಾಲಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ ಎನ್ನುತ್ತಾರೆ. ಮೊಸರಿನ ಆಸೆಗೆ ಕೊಳ್ಳಬೇಡಿ. ಪಾಲಿಶ್ ಮಾಡಿದ ಆ ಬಟ್ಟಲಿನ ಮೈತುಂಬ ಅಡ್ಡಡ್ಡ ಕತ್ತರಿಸಿದ ಚಿಪ್ಪುಗಳಿರುತ್ತವೆ. ನಾನು ಕೊಂಡದ್ದು ಅದಕ್ಕೆ.