ಕಿತ್ತಳೆ ನೆಗೆಟಿವ್‌ನಿಂದ ಹಸಿರು ತೋಟದವರೆಗೆ

ಅಪ್ಪ ತೆಗೆದ ಫೋಟೊಗಳ ನೆಗೆಟಿವ್‌ಗಳು ಊರಿನ ಮನೆಯಲ್ಲಿ ಒಂದು ಬಿಸ್ಕತ್ತು ಡಬ್ಬಿಯಲ್ಲಿದ್ದವು. ಹೆಚ್ಚಿನವು 90ರ ದಶಕದ ಕೊಡಾಕ್ ಗೋಲ್ಡ್. ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದನ್ನು ತಂದು, ಎಲ್ಲ ಸೆಟ್ಟಿಂಗನ್ನೂ ಆಟೋ ಮೋಡ್‌ಗೆ ಬಿಟ್ಟು ಶುರು ಮಾಡಿದೆ. ಅಕ್ಕನ ಮದುವೆ ಫೋಟೊ ಪರವಾಗಿಲ್ಲ ಅನ್ನಿಸಿತು. ಮುಂದಿನದು ನಮ್ಮ ಅಡಿಕೆ ತೋಟ. ಸೋಗೆಯೆಲ್ಲ ಬೂದು, ನಡುವಿನ ಆಕಾಶ ನೇರಳೆ!

ಆಟೋ ಮಾಡುವುದು ಇಷ್ಟೇ: ಪ್ರತಿ ಫ್ರೇಮ್‌ನಲ್ಲೂ ಕೆಂಪು, ಹಸಿರು, ನೀಲಿಯನ್ನು ಸಮ ಮಾಡಲು ನೋಡುತ್ತದೆ. ತೋಟ ಅಂದಮೇಲೆ ಹಸಿರು ಜಾಸ್ತಿ ಇರಬೇಕು ಅಂತ ಅದಕ್ಕೇನು ಗೊತ್ತು?

ನೆಗೆಟಿವ್ ಕಿತ್ತಳೆಯಾಗಿರುವುದು ಸುಮ್ನೆ ಅಲ್ಲ. ಫಿಲ್ಮಿನೊಳಗಿನ ಮಜೆಂಟಾ (ಗುಲಾಬಿ ನೇರಳೆ), ಸಯಾನ್ (ಹಸಿರು ಬೆರೆತ ನೀಲಿ) ಬಣ್ಣಗಳು ತಾವು ಬಿಡಬೇಕಾದ ಬೆಳಕನ್ನೂ ಸ್ವಲ್ಪ ತಡೆಯುತ್ತವೆ. ಆ ಕೊರತೆ ತುಂಬಲೆಂದೇ ಕಿತ್ತಳೆಯನ್ನು ಫಿಲ್ಮ್ ಮಾಡುವಾಗಲೇ ಸೇರಿಸಿರುತ್ತಾರೆ. ಒಂದು ರೋಲಿನ ಉದ್ದಕ್ಕೂ ಇದು ಒಂದೇ ಥರ ಇರುತ್ತದೆ. ಹಾಗಾಗಿ ಒಮ್ಮೆ ಅಳೆದರೆ ಸಾಕು.

ನಾನು ವ್ಯೂಸ್ಕ್ಯಾನ್ ಅನ್ನುವ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಬಳಸಿದೆ. ಎರಡು ಫ್ರೇಮ್‌ಗಳ ನಡುವಿನ ಖಾಲಿ ಪಟ್ಟಿಯನ್ನು ಆರಿಸಿ ಪ್ರಿವ್ಯೂ ಮಾಡಿ, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಲಾಕ್ ಮಾಡಬೇಕು. ಮತ್ತೊಮ್ಮೆ ಪ್ರಿವ್ಯೂ ಮಾಡಿ, ಫಿಲ್ಮ್ ಬೇಸ್ ಬಣ್ಣವನ್ನೂ, ಅಂದರೆ ಆ ಕಿತ್ತಳೆಯನ್ನೂ, ಲಾಕ್ ಮಾಡಬೇಕು. ಆಮೇಲೆ ಇಡೀ ರೋಲನ್ನು ಅದೇ ಸೆಟ್ಟಿಂಗ್‌ನಲ್ಲಿ ಸ್ಕ್ಯಾನ್ ಮಾಡಿದೆ. ರೋಲ್ ಬದಲಾದರೆ ಮತ್ತೆ ಮೊದಲಿಂದ. ಫೈಲ್ 16 ಬಿಟ್ ಟಿಫ್ ಇರಲಿ, ಅದರಲ್ಲಿ ಬಣ್ಣದ ಸೂಕ್ಷ್ಮ ಹಂತಗಳು ಜೆಪೆಗ್‌ಗಿಂತ ಹೆಚ್ಚು ಉಳಿಯುತ್ತವೆ. ಮೊದಲ ಮೂರು ರೋಲನ್ನು ಜೆಪೆಗ್ ಮಾಡಿಟ್ಟು ನಾನು ಪಟ್ಟ ಪಾಡು ಬೇಡ. ಬಣ್ಣ ಸ್ವಲ್ಪ ಎಳೆದರೂ ಆಕಾಶದಲ್ಲಿ ಪಟ್ಟೆ ಪಟ್ಟೆ. ದೂಳಿನ ಗುರುತು ಹುಡುಕಿ ಅಳಿಸುವ ಇನ್‌ಫ್ರಾರೆಡ್ ಆಯ್ಕೆ ಇದ್ದರೆ ಆನ್ ಮಾಡಿ. ಮಾಮೂಲಿ ಕಪ್ಪು ಬಿಳುಪು ಫಿಲ್ಮ್‌ಗೆ ಮಾತ್ರ ಬೇಡ, ಅದರಲ್ಲಿ ಚಿತ್ರ ಮೂಡಿಸಿರುವ ಬೆಳ್ಳಿಯನ್ನೇ ದೂಳು ಅಂದುಕೊಂಡುಬಿಡುತ್ತದೆ.

ತೋಟ ಹಸಿರಾಯಿತು. ಆದರೆ ಮದುವೆ ಫೋಟೊದಲ್ಲಿ ಭಾವನ ಪಂಚೆ ನಸುಗೆಂಪು, ಕೂದಲಿನ ಕಪ್ಪಿನಲ್ಲಿ ಹಸಿರು ಛಾಯೆ. ಇಡೀ ಚಿತ್ರದ ಬಣ್ಣವನ್ನು ಒಟ್ಟಿಗೆ ಸರಿಸುವ ವೈಟ್ ಬ್ಯಾಲೆನ್ಸ್ ಎಳೆದರೆ ಒಂದು ಸರಿಹೋಗುತ್ತದೆ, ಇನ್ನೊಂದು ಕೆಡುತ್ತದೆ. ಇದಕ್ಕೆ ಕಪ್ಪು, ನಡು, ಬಿಳುಪಿನ ಭಾಗಗಳನ್ನು ಪ್ರತ್ಯೇಕವಾಗಿ ತಿದ್ದುವ ಕರ್ವ್ಸ್ ಬೇಕು, ಅದೂ ಕೆಂಪು, ಹಸಿರು, ನೀಲಿ ಮೂರು ಚಾನೆಲ್‌ಗೆ ಬೇರೆ ಬೇರೆ. ಕೂದಲು ನೋಡಿ ಕೆಳತುದಿ, ಪಂಚೆ ನೋಡಿ ಮೇಲ್ತುದಿ ಸರಿಮಾಡಿದೆ. ನಡುವಿನ ಬಣ್ಣಕ್ಕೆ ಅಂಗಳದ ಸಿಮೆಂಟ್ ಕಟ್ಟೆ ನೆರವಾಯಿತು. ಮುಖದ ಬಣ್ಣ ಕೊನೆಗೆ. ಅದನ್ನು ಮೊದಲು ಮುಟ್ಟಿದರೆ ಕಣ್ಣು ಹತ್ತೇ ನಿಮಿಷದಲ್ಲಿ ಮೋಸ ಹೋಗುತ್ತದೆ.

ಸೀರೆಯ ಬಣ್ಣಕ್ಕೆ ಆಲ್ಬಮ್‌ನ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು, ಅದರಂತೆ ಕೆಂಪು ಮಾಡಿ ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. “ಅದು ರಾಣಿ ಕಲರ್ ಕಣೋ, ಕೆಂಪಲ್ಲ.” ಪ್ರಿಂಟೇ ಬಣ್ಣಗೆಟ್ಟಿತ್ತು. ನಾನು ಸೀರೆಗೆ ಮಾಡಿದ್ದನ್ನೆಲ್ಲ ಅಳಿಸಿದೆ. ಪಂಚೆ, ಕಟ್ಟೆ ನೋಡಿ ಬಂದಿದ್ದ ಬಣ್ಣ ರಾಣಿಯೇ ಆಗಿತ್ತು.