ಚೈನಿಗೆ ಎಣ್ಣೆ: ಯಾವುದು, ಎಲ್ಲಿ, ಎಷ್ಟು?

ಬೈಕಿನದೋ ಸೈಕಲ್ಲಿನದೋ ಚೈನು ಕಿರ್ ಕಿರ್ ಎನ್ನತೊಡಗಿದರೆ ಮನೆಯಲ್ಲಿ ಕೈಗೆ ಸಿಕ್ಕ ಎಣ್ಣೆಯನ್ನು ಮೇಲಿಂದ ಸುರಿದುಬಿಡುವವರೇ ಹೆಚ್ಚು. ಸದ್ದೇನೋ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ನಾಲ್ಕು ದಿನ ಓಡಿಸಿದ ಮೇಲೆ ಚೈನಿಗೆ ಮೆತ್ತಿದ ಕಪ್ಪು ಜಿಡ್ಡನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, ಸಣ್ಣ ಮರಳಿನಂತೆ ಗರಗರ ಎನ್ನುತ್ತದೆ. ಎಣ್ಣೆಗೆ ಧೂಳು ಸೇರಿ ಆದ ಸಾಣೆಪುಡಿ ಅದು. ಚೈನನ್ನೂ ಅದು ಕೂರುವ ಹಲ್ಲುಚಕ್ರವನ್ನೂ (ಸ್ಪ್ರಾಕೆಟ್) ಒಟ್ಟಿಗೇ ತಿನ್ನುತ್ತದೆ.

ಎಣ್ಣೆ ಬೇಕಾಗಿರುವುದು ಒಳಗೆ. ಚೈನಿನ ಪ್ರತಿ ಸಂದಿನಲ್ಲೂ ಒಂದು ಪಿನ್, ಅದರ ಮೇಲೆ ಬುಷ್ ಎಂಬ ಪುಟ್ಟ ಕೊಳವೆ, ಅದರ ಮೇಲೆ ತಿರುಗುವ ರೋಲರ್. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದ ವಿನ್ಯಾಸವಿದು. ಇವತ್ತಿನ ಬೈಕಿನಲ್ಲೂ ಮೂಲ ಅದೇ. (ಈಗಿನ ಗೇರ್ ಸೈಕಲ್ಲಿನ ಚೈನಿನಲ್ಲಿ ಪ್ರತ್ಯೇಕ ಬುಷ್ ಇರುವುದಿಲ್ಲ, ಒಳಪಟ್ಟಿಯ ಅಂಚೇ ಆ ಕೆಲಸ ಮಾಡುತ್ತದೆ.) ‘ಚೈನು ಎಳೆದುಕೊಂಡಿದೆ’ ಎಂದು ಮೆಕ್ಯಾನಿಕ್ ಹೇಳಿದಾಗ ಉಕ್ಕು ಉದ್ದವಾಗಿದೆ ಎಂದಲ್ಲ. ಪಿನ್ನು, ಬುಷ್ಷು ಸವೆದು ಒಂದೊಂದು ಸಂದಿನಲ್ಲೂ ಕೂದಲೆಳೆಯಷ್ಟು ಸಡಿಲ ಬಂದಿರುತ್ತದೆ. ನೂರು ಸಂದು ಸೇರಿದಾಗ ಅದು ಕಣ್ಣಿಗೆ ಕಾಣುತ್ತದೆ.

ಬೈಕಾದರೆ ಮೊದಲು ನೋಡಬೇಕಾದದ್ದು, ಚೈನಿನ ಒಳಪಟ್ಟಿ ಹೊರಪಟ್ಟಿಗಳ ನಡುವೆ ಕಪ್ಪು ರಬ್ಬರ್ ಬಳೆ ಇದೆಯೇ ಎಂಬುದನ್ನು. ಇದ್ದರೆ ಅದು ಓ-ರಿಂಗ್ ಚೈನು. ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಬಳೆಯಿಂದ ಮುಚ್ಚಿರುತ್ತಾರೆ. ನೀವು ಹಾಕುವ ಎಣ್ಣೆ ಅದರೊಳಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ರೋಲರ್ ಸವೆಯದಂತೆ, ರಬ್ಬರ್ ಒಣಗದಂತೆ, ತುಕ್ಕು ಹಿಡಿಯದಂತೆ ಕಾದರೆ ಸಾಕು. ಇಂಥ ಚೈನಿಗೆ ಪೆಟ್ರೋಲ್, ತಂತಿ ಬ್ರಷ್, ಪ್ರೆಶರ್ ವಾಷಿನ ನೀರು ಮೂರೂ ಶತ್ರುಗಳು. ಬಳೆ ಹಾಳಾದರೆ ಒಳಗಿನ ಗ್ರೀಸ್ ಹೊರಟುಹೋಗುತ್ತದೆ, ಮತ್ತೆ ತುಂಬಿಸುವ ದಾರಿಯಿಲ್ಲ.

ಯಾವ ಎಣ್ಣೆ?

ಬೈಕಿಗೆ ಓ-ರಿಂಗ್ ಚೈನಿಗೆ ಸೂಕ್ತವೆಂದು ಡಬ್ಬದ ಮೇಲೆ ಬರೆದಿರುವ ಚೈನ್ ಲೂಬ್ ಸ್ಪ್ರೇ ಸುಲಭ. ಖರ್ಚು ಕಡಿಮೆ ಆಗಬೇಕೆಂದರೆ ಎಸ್‌ಎಇ 90 ಅಥವಾ 80ಡಬ್ಲ್ಯು-90 ಗೇರ್ ಆಯಿಲ್ ಕೊಳ್ಳಿ. ಎಷ್ಟೋ ಬೈಕುಗಳ ಕೈಪಿಡಿಯಲ್ಲಿ ಇದನ್ನೇ ಹೇಳಿರುತ್ತಾರೆ. ತೊಂದರೆ ಒಂದೇ: ಹೆಚ್ಚಾದರೆ ರಿಮ್ಮಿಗೂ ಪ್ಯಾಂಟಿಗೂ ಸಿಡಿಯುತ್ತದೆ.

ಸೈಕಲ್ಲಿಗೆ ಋತು ನೋಡಿ ಆರಿಸಿ. ಬೇಸಿಗೆಗೆ ‘ಡ್ರೈ’ ಲೂಬ್: ತೆಳುವಾಗಿ ಒಳಗಿಳಿದು ಒಣಗುತ್ತದೆ, ಧೂಳು ಕಡಿಮೆ ಹಿಡಿಯುತ್ತದೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ವೆಟ್’ ಲೂಬ್: ಮಂದ, ನೀರಿಗೆ ಜಗ್ಗುವುದಿಲ್ಲ, ಆದರೆ ಅದನ್ನೇ ಫೆಬ್ರವರಿಯಲ್ಲಿ ಕೆಮ್ಮಣ್ಣಿನ ದಾರಿಗೆ ಬಳಸಿದರೆ ಮೇಲೆ ಹೇಳಿದ ಸಾಣೆಪುಡಿ ತಯಾರು.

ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್‌ನಲ್ಲಿ ಮಸಿ, ಲೋಹದ ಪುಡಿ ಎರಡೂ ಇರುತ್ತವೆ. ಗ್ರೀಸ್ ಬಳಿದರೆ ಮೇಲೆಯೇ ಕೂರುತ್ತದೆ. ಡಬ್ಲ್ಯುಡಿ-40 ಮೇಲೆ ಹಲವರಿಗೆ ಅಪಾರ ಭಕ್ತಿ. ಹೆಸರಿನ ಆ ಎರಡು ಅಕ್ಷರಗಳ ಅರ್ಥವೇ ನೀರು ಹೊರಹಾಕುವುದು. ಮಳೆಯಲ್ಲಿ ನೆನೆದ ಚೈನಿನ ನೀರು ತೆಗೆಯಲು, ತುಕ್ಕು ಸಡಿಲಿಸಲು ಒಳ್ಳೆಯದು. ಅದರ ಮೇಲೆ ಸರಿಯಾದ ಎಣ್ಣೆ ಹಾಕದಿದ್ದರೆ ಚೈನು ಬರಿದಾಗಿಯೇ ಓಡುತ್ತದೆ.

ಬೈಕಿಗೆ ಹಾಕುವ ಕ್ರಮ

ಹತ್ತಿಪ್ಪತ್ತು ನಿಮಿಷ ಓಡಿಸಿ ಬಂದು, ಚೈನು ಬೆಚ್ಚಗಿರುವಾಗಲೇ ಶುರುಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರ್‌ಗೆ ಹಾಕಿ ಚಕ್ರ ತಾನೇ ತಿರುಗುತ್ತಿರುವಾಗ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ಇನ್ನೂ ಇದೆ. ಸ್ಪ್ರಾಕೆಟ್ ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಸೀಮೆಎಣ್ಣೆಯಲ್ಲೋ ಚೈನ್ ಕ್ಲೀನರಿನಲ್ಲೋ ಅದ್ದಿದ ಮೆತ್ತನೆಯ ಬ್ರಷ್‌ನಿಂದ ನಾಲ್ಕೂ ಬದಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಕಾಲುಗಂಟೆ ಆರಲು ಬಿಡಿ. ಹಸಿಯಿರುವಾಗಲೇ ಎಣ್ಣೆ ಹಾಕಿದರೆ ತೆಳುವಾಗಿ ಹರಿದುಹೋಗುತ್ತದೆ.

ಈಗ ಚೈನಿನ ಹಿಂದೆ, ಟೈರಿಗೂ ಡಿಸ್ಕಿಗೂ ಅಡ್ಡವಾಗಿ ಒಂದು ಪೇಪರ್ ಹಿಡಿಯಿರಿ (ಓದಿ ಮುಗಿಸಿದ ಪುರವಣಿಗೆ ಇದಕ್ಕಿಂತ ಸದ್ಬಳಕೆ ಇಲ್ಲ). ಸ್ಪ್ರೇಯ ಕೊಳವೆಯನ್ನು ಕೆಳಗಿನ ಎಳೆಯ ಮೇಲ್ಮುಖಕ್ಕೆ, ಅಂದರೆ ಚೈನು ಸುತ್ತುವ ಕುಣಿಕೆಯ ಒಳಬದಿಗೆ, ಹಿಂದಿನ ಸ್ಪ್ರಾಕೆಟ್ಟಿನ ಹತ್ತಿರ ಹಿಡಿಯಿರಿ. ಓಡುವಾಗ ಎಣ್ಣೆ ಹೊರಕ್ಕೆ ಸಿಡಿಯಲು ನೋಡುತ್ತದಲ್ಲ, ಒಳಬದಿಗೆ ಹಾಕಿದ್ದು ರೋಲರುಗಳ ಮೂಲಕ ಹಾದೇ ಹೋಗಬೇಕು. ಎಡ ಬಳೆಸಾಲಿಗೆ ಚೈನಿನ ಒಂದು ಪೂರ್ತಿ ಸುತ್ತು, ಬಲ ಸಾಲಿಗೆ ಇನ್ನೊಂದು. ಅಷ್ಟೇ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಬಿಟ್ಟು ಹೊರಗಿನ ಪಸೆ ಒರೆಸಿ. ಡಿಸ್ಕಿಗೆ ತಾಗಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬಹುದು. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಿಸುವುದೇ ಕ್ಷೇಮ.

ಸುಮಾರು 500 ಕಿ.ಮೀ.ಗೆ ಒಮ್ಮೆ ಹೀಗೆ ಮಾಡಿ; ಜೋರು ಮಳೆಯಲ್ಲಿ ಓಡಿಸಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು, ಚೈನು ಒಣಗಿದ ಕೂಡಲೇ ಮಾಡಿ. ಅದೇ ಹೊತ್ತಿಗೆ ಸಡಿಲವನ್ನೂ ನೋಡಿ. ಸಾಧಾರಣ ಬೈಕುಗಳಲ್ಲಿ ಕೆಳಗಿನ ಎಳೆ ನಡುವೆ 20ರಿಂದ 30 ಮಿ.ಮೀ. ಆಡಬೇಕು, ನಿಮ್ಮ ಗಾಡಿಯ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಒಂದು ಕಡೆ ಬಿಗಿ, ಚಕ್ರ ತಿರುಗಿಸಿದರೆ ಇನ್ನೊಂದು ಕಡೆ ಜೋಲು ಎಂದಾದರೆ ಎಣ್ಣೆಯ ಕಾಲ ಮುಗಿದಿದೆ, ಚೈನು ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಬೇಕು.

ಸೈಕಲ್ಲಿಗೆ ಹನಿ ಲೆಕ್ಕ

ಸೈಕಲ್ಲಿನಲ್ಲಿ ಸ್ಪ್ರೇಗಿಂತ ಹನಿಬಾಟಲಿ ಮೇಲು. ಚೈನು ಒರೆಸಿ ಒಣಗಿಸಿದ ಮೇಲೆ ಉಳಿದ ಕೊಂಡಿಗಳಿಗಿಂತ ಬೇರೆಯಾಗಿ ಕಾಣುವ ಜೋಡು ಕೊಂಡಿಯನ್ನು ಹುಡುಕಿ. ಅಲ್ಲಿಂದ ಶುರು, ಮತ್ತೆ ಅದು ಬಂದಾಗ ನಿಲ್ಲಿಸಿ. ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಒಂದು ರೋಲರಿಗೆ ಒಂದೇ ಹನಿ. ಹನಿ ಒಂದು ಕ್ಷಣ ರೋಲರಿನ ಬೆನ್ನ ಮೇಲೆ ಗುಂಡಗೆ ನಿಂತು, ಆಮೇಲೆ ಎರಡೂ ಬದಿಯ ಸಂದಿಗೆ ಇಳಿದು ಮಾಯವಾಗುತ್ತದೆ. ಇಳಿಯದೆ ಹರಡಿಕೊಂಡರೆ ಕೊಳೆ ಇನ್ನೂ ಉಳಿದಿದೆ ಎಂದರ್ಥ. ಗೇರ್ ಸೈಕಲ್ಲಿನ ನೂರಹದಿನೈದರಷ್ಟು ರೋಲರಿಗೆ ಒಟ್ಟು ಖರ್ಚು ಒಂದು ಟೀ ಚಮಚ ಮಾತ್ರ. ಪೆಡಲನ್ನು ಹತ್ತಾರು ಸುತ್ತು ಹಿಂದಕ್ಕೆ ತಿರುಗಿಸಿ, ಡ್ರೈ ಲೂಬ್ ಆದರೆ ಮೂರ್ನಾಲ್ಕು ಗಂಟೆ ಬಿಟ್ಟು, ಹೊರಗಿನದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಒರೆಸಿ. ಹೆಚ್ಚಿನವರು ಬಿಡುವುದು ಈ ಕೊನೆಯ ಒರೆತವನ್ನೇ.

ಸವೆತ ಅಳೆಯಲು ಮಕ್ಕಳ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ ಹೊಸ ಚೈನಿನಲ್ಲಿ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ (ಸೊನ್ನೆಯ ಪಿನ್ನನ್ನು ಎಣಿಸಬೇಡಿ). ಆ ಗೆರೆಯಿಂದ 1.5 ಮಿ.ಮೀ. ಆಚೆ ದಾಟಿದ್ದರೆ ಚೈನು ಬದಲಿಸಿ, 3 ಮಿ.ಮೀ. ಆಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಕ್ಕೂ ದುಡ್ಡು ತೆರಬೇಕು.

ಬೈಕಿನ ಚೈನು ಒರೆಸುವಾಗ ಜೋಡು ಕೊಂಡಿಯಲ್ಲಿ ಮೀನಿನಾಕಾರದ ಲಾಕ್ ಕ್ಲಿಪ್ ಕಂಡರೆ ಅದರ ದಿಕ್ಕನ್ನೂ ನೋಡಿಬಿಡಿ. ಚೈನು ಚಲಿಸುವ ಕಡೆಗೆ ಮುಚ್ಚಿದ ತುದಿ, ಹಿಂದಕ್ಕೆ ತೆರೆದ ಬಾಯಿ ಇರಬೇಕು. ತಿರುಗುಮುರುಗಾಗಿದ್ದರೆ ಏನಾದರೂ ತಾಗಿದಾಗ ಕ್ಲಿಪ್ ಕಳಚಿ ಹಾರುತ್ತದೆ.