ಬ್ರೇಕ್ ಲೈಟ್ ಆರುತ್ತಿಲ್ಲವೇ? ಪೆಡಲ್ ಹತ್ತಿರ ಬಗ್ಗಿ ನೋಡಿ

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬ್ರೇಕ್ ಲೈಟ್ ಸದಾ ಉರಿಯುತ್ತಿದ್ದರೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಹಿಂದಿನವರಿಗೆ ಗೊತ್ತಾಗುವುದೇ ಇಲ್ಲ. ಲೈಟೇ ಹತ್ತದಿದ್ದರೂ ಅಷ್ಟೇ ಅಪಾಯ.

ಒಂದು ಬದಿ ಮಾತ್ರ ಹತ್ತದಿದ್ದರೆ ತಪ್ಪು ಬಲ್ಬಿನದು ಅಥವಾ ಹೋಲ್ಡರಿನದು. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಮೊದಲು ಫ್ಯೂಸ್ ನೋಡಿ. ಕೆಲವು ಕಾರುಗಳಲ್ಲಿ ಹಾರ್ನಿಗೂ ಅದೇ ಫ್ಯೂಸ್. ಅದು ಸರಿಯಿದ್ದರೆ, ಅಥವಾ ಲೈಟ್ ಆರುತ್ತಲೇ ಇಲ್ಲದಿದ್ದರೆ, ಬ್ರೇಕ್ ಲೈಟ್ ಸ್ವಿಚ್ಚಿನ ಸರದಿ.

ಬ್ರೇಕ್ ಪೆಡಲ್ಲಿನ ಮೇಲ್ತುದಿಯಲ್ಲಿರುವ ಈ ಸ್ವಿಚ್ಚಿಗೆ ಒಂದು ಪುಟ್ಟ ಕಡ್ಡಿ ಇರುತ್ತದೆ. ಪೆಡಲ್ ಮೇಲಿದ್ದಾಗ ಅದು ಒಳಗೆ ಒತ್ತಿಕೊಂಡು ಲೈಟ್ ಆರುತ್ತದೆ, ತುಳಿದಾಗ ಹೊರಬಂದು ಹತ್ತುತ್ತದೆ. ಕಡ್ಡಿ ತಾಗುವ ಜಾಗದಲ್ಲಿ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಹಳೆಯ ಕಾರುಗಳಲ್ಲಿ ಅದು ಪುಡಿಯಾಗಿ ಉದುರಿ, ಕಡ್ಡಿ ತೂತಿನೊಳಗೆ ತೂರಿ ಲೈಟ್ ಆರದಂತಾಗುತ್ತದೆ. ಕಾಲಿಡುವ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಕಂಡರೆ ಸ್ವಿಚ್ ಕೊಳ್ಳಬೇಡಿ, ಬಿರಡೆ ಸಾಕು.

ಬಿರಡೆ ಗಟ್ಟಿಯಾಗಿದ್ದರೆ ಅಳತೆ ಸರಿಪಡಿಸಿ. ಕೀ ತೆಗೆದು ಮೊದಲು ಸ್ವಿಚ್ಚಿಗೆ ವೈರ್ ಸಿಕ್ಕಿಸಿರುವ ಕನೆಕ್ಟರ್ ಬಿಡಿಸಿ. ಇಲ್ಲದಿದ್ದರೆ ಸ್ವಿಚ್ ತಿರುಗಿಸುವಾಗ ವೈರ್ ಹುರಿಗೊಂಡು ತುಂಡಾಗುತ್ತದೆ. ಸ್ವಿಚ್ಚನ್ನು ಬಿಗಿಯಾಗಿ ಹಿಡಿದಿರುವ ಲಾಕ್ ನಟ್ ಸಡಿಲಿಸಿ, ಪೆಡಲನ್ನು ಕೈಯಿಂದ ಪೂರ್ತಿ ಮೇಲಕ್ಕೆಳೆದು ಹಿಡಿದು, ಸ್ವಿಚ್ಚಿನ ಥ್ರೆಡ್ ಇರುವ ಭಾಗದ ತುದಿಗೂ ಪೆಡಲ್ ಪಟ್ಟಿಗೂ ನಡುವೆ ಸುಮಾರು 1 ಮಿ.ಮೀ. ಸಂದು ಬಿಡಿ. ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದೇ ಕೊನೆಯ ಮಾತು. ನಟ್ ಬಿಗಿ ಮಾಡುವಾಗ ಸ್ವಿಚ್ ಜೊತೆಗೇ ತಿರುಗುತ್ತದೆ, ಆದ್ದರಿಂದ ಸಂದನ್ನು ಮತ್ತೊಮ್ಮೆ ಅಳೆಯಿರಿ.

ಲೈಟ್ ಇನ್ನೂ ಹತ್ತದಿದ್ದರೆ ಸ್ವಿಚ್ಚೇ ಕೆಟ್ಟಿದೆಯೇ? ಎರಡು ಪಿನ್ನಿನದಾದರೆ ಕನೆಕ್ಟರಿನ ಎರಡೂ ತೂತುಗಳ ನಡುವೆ ವೈರ್ ತುಂಡು ಸಿಕ್ಕಿಸಿ. ಲೈಟ್ ಹತ್ತಿದರೆ ಸ್ವಿಚ್ ಸತ್ತಿದೆ. ನಾಲ್ಕು ಪಿನ್ನಿನದರಲ್ಲಿ ಈ ಪ್ರಯೋಗ ಬೇಡ, ಎರಡು ವೈರ್ ಎಂಜಿನ್ ಕಂಪ್ಯೂಟರಿಗೆ ಹೋಗಿರಬಹುದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹಳೆಯ ಸ್ವಿಚ್ ಕೈಯಲ್ಲಿ ಹಿಡಿದು ಹೋಗಿ, ಪಿನ್ನಿನ ಸಂಖ್ಯೆ ಮತ್ತು ಕಡ್ಡಿಯ ಉದ್ದ ಹೋಲಿಸಿಯೇ ಕೊಳ್ಳಿ. ಬ್ರೇಕ್ ಲೈಟಿಲ್ಲದ ಕಾರು ಬೇಡ, ಆಟೋದಲ್ಲಿ ಹೋಗಿ. ಕಾಲು ಸುತ್ತು ತಿರುಗಿಸಿ ಕೂರಿಸುವ ಸ್ವಿಚ್ಚುಗಳು ತಾವೇ ಅಳತೆ ಹಿಡಿದುಕೊಳ್ಳುತ್ತವೆ. ಅವನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕುವುದು ಒಳ್ಳೆಯದು.

ಸ್ವಿಚ್ಚನ್ನು ಪೆಡಲ್ ಕಡೆಗೆ ಅತಿಯಾಗಿ ತಿರುಗಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಲೈಟ್ ತಡವಾಗಿ ಹತ್ತುವುದಷ್ಟೇ ಅಲ್ಲ, ಪೆಡಲ್ ಪೂರ್ತಿ ಮೇಲೆ ಬಾರದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಕೆಲಸ ಮುಗಿದ ಮೇಲೆ ಸಂಜೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಪೆಡಲ್ ಒತ್ತಿ, ಮೊದಲ ಮೆಲು ಒತ್ತಿಗೇ ಗೋಡೆ ಕೆಂಪಾಗಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಆದಷ್ಟು ಬ್ರೇಕ್ ಮುಟ್ಟದೆ ಎರಡು ಕಿ.ಮೀ. ಓಡಿಸಿ, ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ. ಬಿಸಿ ರಾಚಿದರೆ ಸ್ವಿಚ್ಚನ್ನು ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಮತ್ತೆ ನೋಡಿ.